ಊರಿನ ಮಾತಿಗೆ ಗ್ರಂಥಾಲಯದ ಕಿವಿ

(ಕೂಟದ ಸಾಹಿತ್ಯ ಸಂಜೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಇಂತಹ ವೇದಿಕೆಗೆ ವೈದ್ಯನೊಬ್ಬನನ್ನು ಕರೆದರೆ ರಕ್ತದೊತ್ತಡ, ಮಧುಮೇಹಗಳ ಬಗ್ಗೆ ನಾಲ್ಕು ಮಾತು ಹೇಳಿಸುವುದು ವಾಡಿಕೆ. ಈ ಬಾರಿ ಇತಿಹಾಸದ ವಿಷಯವೊಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನನಗೆ ಕೊಟ್ಟದ್ದಕ್ಕಾಗಿ ಕಾರ್ಯದರ್ಶಿಗಳಿಗೆ ಕೃತಜ್ಞನಾಗಿದ್ದೇನೆ. ನಾನು ಆರಿಸಿಕೊಂಡಿರುವುದು ಸಾರ್ವಜನಿಕ ಗ್ರಂಥಾಲಯದ ವಿಷಯ. ಅದರ ಪುಸ್ತಕಗಳಿಗಿಂತ ಹೆಚ್ಚಾಗಿ, ಅದರ ಕುರಿತು ಜನ ಆಡಿದ ಮಾತುಗಳನ್ನು ಯಾರು, ಯಾವ ಉದ್ದೇಶದಿಂದ ಕೇಳಿಸಿಕೊಂಡರು ಎಂಬುದನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಇಂದು ಹೋಟೆಲು, ಅಂಗಡಿ, ಆಸ್ಪತ್ರೆಗಳಂತೆಯೇ ಗ್ರಂಥಾಲಯಗಳೂ ಅಂತರಜಾಲದಲ್ಲಿ ಜನ ತಮ್ಮ ಬಗ್ಗೆ ಏನು ಬರೆಯುತ್ತಿದ್ದಾರೆಂಬುದನ್ನು ಗಮನಿಸುತ್ತಿರುತ್ತವೆ. 2003ರಲ್ಲಿ ಗೂಗಲ್ ಅಲರ್ಟ್ಸ್ ಎಂಬ ಸೇವೆ ಆರಂಭವಾದ ಮೇಲೆ ಸಣ್ಣ ಊರಿನ ಗ್ರಂಥಪಾಲಕರಿಗೂ ಇದು ಖರ್ಚಿಲ್ಲದೆ ಸಾಧ್ಯವಾಯಿತು. ಗ್ರಂಥಾಲಯದ ಹೆಸರನ್ನು ಒಮ್ಮೆ ನಮೂದಿಸಿಟ್ಟರೆ, ಆ ಹೆಸರು ಹೊಸದಾಗಿ ಕಾಣಿಸಿಕೊಂಡಾಗ ಈಮೇಲಿನಲ್ಲಿ ಸುದ್ದಿ ಬರುತ್ತದೆ. ದೊಡ್ಡ ಗ್ರಂಥಾಲಯಗಳಲ್ಲಿ ಹೊಗಳಿಕೆ ತೆಗಳಿಕೆಗಳನ್ನು ಎಣಿಸಿ ವರದಿ ಸಿದ್ಧಪಡಿಸುವುದಕ್ಕೆ ಪ್ರತ್ಯೇಕ ಸಿಬ್ಬಂದಿಯೇ ಇರುವುದುಂಟು. ಉಪಕರಣ ಹೊಸದಾದರೂ ಕೆಲಸ ಮಾತ್ರ ಬಹಳ ಹಳೆಯದು.

ಎಷ್ಟು ಹಳೆಯದೆಂಬುದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಅಯೋಧ್ಯೆಯಲ್ಲಿ ಜನ ತನ್ನ ಬಗ್ಗೆ ಏನಾಡಿಕೊಳ್ಳುತ್ತಿದ್ದಾರೆಂದು ಶ್ರೀರಾಮನು ಕೇಳಿದಾಗ, ವಾಲ್ಮೀಕಿಯ ಉತ್ತರಕಾಂಡದಲ್ಲಿ ಭದ್ರನೆಂಬವನು ಅಳುಕುತ್ತಲೇ ಊರಿನ ಮಾತನ್ನು ಒಪ್ಪಿಸುತ್ತಾನೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯಲ್ಲಿ ಆ ಮಾತು ಒಬ್ಬ ಅಗಸನದು. ರಾಜ ಊರಿನ ಮಾತನ್ನು ಕೇಳಿದನು, ಸೀತೆಯ ಮಾತನ್ನು ಯಾರೂ ಕೇಳಲಿಲ್ಲ. ಕೌಟಿಲ್ಯನಂತೂ ಇದನ್ನೊಂದು ಶಾಸ್ತ್ರವನ್ನಾಗಿಯೇ ಮಾಡಿದ್ದಾನೆ. ತೀರ್ಥಕ್ಷೇತ್ರಗಳಲ್ಲಿ, ಸಭೆಗಳಲ್ಲಿ, ಜನ ಸೇರುವೆಡೆಗಳಲ್ಲಿ ಚಾರರು ಇಬ್ಬರಾಗಿ ನಿಂತು, ಒಬ್ಬ ರಾಜನನ್ನು ತೆಗಳುತ್ತ ಇನ್ನೊಬ್ಬ ಸಮರ್ಥಿಸುತ್ತ ಸುಳ್ಳುಜಗಳವಾಡಿ, ಸುತ್ತಲಿನವರ ಬಾಯಿ ಬಿಡಿಸಬೇಕಂತೆ. ಅತೃಪ್ತರು ಯಾರೆಂದು ತಿಳಿದ ಮೇಲೆ ಕೆಲವರನ್ನು ಕೊಡುಗೆಯಿಂದ ಸಮಾಧಾನಪಡಿಸಬೇಕು, ಕೆಲವರನ್ನು ಬೇರೆ ಉಪಾಯಗಳಿಂದ ಅಡಗಿಸಬೇಕು. ಈ ಗ್ರಂಥದ ತಾಳೆಗರಿಯ ಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿಹೋಗಿದ್ದ ಆ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಮುದ್ರಿಸಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅಲ್ಲಿಯ ಗ್ರಂಥಪಾಲಕರಾಗಿದ್ದವರು. ಬೇಹುಗಾರಿಕೆಯ ಶಾಸ್ತ್ರವನ್ನು ಜಗತ್ತಿಗೆ ಕೊಟ್ಟದ್ದು ಒಂದು ಗ್ರಂಥಾಲಯವೆಂಬುದು ಸ್ವಾರಸ್ಯದ ಸಂಗತಿಯಲ್ಲವೇ?

ವೈದ್ಯರಿಗೂ ಕೇಳಿಸಿಕೊಳ್ಳುವ ಶಾಸ್ತ್ರವೊಂದಿದೆ. ರೋಗಿ ಹೇಳಿದ ಮೊದಲ ದೂರನ್ನು ಅವನದೇ ಮಾತುಗಳಲ್ಲಿ ಬರೆದುಕೊಳ್ಳಬೇಕೆಂದು ನಮಗೆ ಎಂ.ಬಿ.ಬಿ.ಎಸ್.ನ ಮೂರನೆಯ ವರ್ಷದಲ್ಲಿಯೇ ಕಲಿಸಿದ್ದರು. ಆ ಮಾತು ರೋಗಿಯ ಉಪಯೋಗಕ್ಕಾಗಿ ಮಾತ್ರ, ಹೊರಗೆ ಹೋಗತಕ್ಕದ್ದಲ್ಲ ಎಂಬುದೂ ಅದೇ ಪಾಠದ ಭಾಗ. ಕೌಟಿಲ್ಯನ ಕೇಳುವಿಕೆಗೂ ಈ ಕೇಳುವಿಕೆಗೂ ಇರುವ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ನ್ಯೂಯಾರ್ಕ್ ನಗರಕ್ಕೆ ಬರೋಣ. ಈ ಎರಡು ಬಗೆಯ ಕಿವಿಗಳೂ ಅಲ್ಲಿ ಕೆಲಸ ಮಾಡಿವೆ.

ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ನಿರ್ದೇಶಕರು ಒಬ್ಬ ವೈದ್ಯರೆಂಬುದು ನಮ್ಮ ವೃತ್ತಿಯವರಲ್ಲಿಯೂ ಹಲವರಿಗೆ ತಿಳಿಯದು. ಜಾನ್ ಷಾ ಬಿಲ್ಲಿಂಗ್ಸ್ 1838ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದವರು, ಅಂತರ್ಯುದ್ಧದಲ್ಲಿ ಸೈನ್ಯದ ಶಸ್ತ್ರವೈದ್ಯರಾಗಿದ್ದವರು. ಯುದ್ಧ ಮುಗಿದ ಮೇಲೆ ವಾಷಿಂಗ್ಟನ್ನಿನ ಸರ್ಜನ್ ಜನರಲ್ ಕಚೇರಿಯ ಸಣ್ಣ ಪುಸ್ತಕಸಂಗ್ರಹವನ್ನು ವಹಿಸಿಕೊಂಡು ಅದನ್ನು ಜಗತ್ತಿನ ದೊಡ್ಡ ವೈದ್ಯಕೀಯ ಗ್ರಂಥಾಲಯಗಳಲ್ಲಿ ಒಂದಾಗಿ ಬೆಳೆಸಿದರು. 1879ರಲ್ಲಿ ಅವರು ಆರಂಭಿಸಿದ ಇಂಡೆಕ್ಸ್ ಮೆಡಿಕಸ್ ನನ್ನ ತಲೆಮಾರಿನ ವೈದ್ಯರಿಗೆ ಚಿರಪರಿಚಿತ. ಕಾಲೇಜಿನ ಗ್ರಂಥಾಲಯದಲ್ಲಿ ಆ ದಪ್ಪ ಸಂಪುಟಗಳನ್ನು ಒಂದೊಂದಾಗಿ ಇಳಿಸಿ, ಬೆರಳಿಗೆ ಧೂಳು ಮೆತ್ತಿಸಿಕೊಂಡು ಲೇಖನಗಳನ್ನು ಹುಡುಕಿದವರು ಈ ಸಭೆಯಲ್ಲಿಯೂ ಇದ್ದೀರಿ.

ಬಿಲ್ಲಿಂಗ್ಸ್ ಅವರ ಇನ್ನೊಂದು ಕೊಡುಗೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಮೆರಿಕದ ಜನಗಣತಿಯ ಆರೋಗ್ಯ ಅಂಕಿಅಂಶಗಳನ್ನು ನೋಡಿಕೊಳ್ಳುತ್ತಿದ್ದಾಗ, ಜನರ ವಿವರಗಳನ್ನು ಯಂತ್ರದಿಂದಲೇ ಎಣಿಸುವಂತಾಗಬೇಕು ಎಂದು ಅವರು ಹರ್ಮನ್ ಹಾಲರಿತ್ ಎಂಬ ತರುಣ ಎಂಜಿನಿಯರಿಗೆ ಸೂಚಿಸಿದರು. ಹಾಲರಿತ್ ಅದನ್ನೇ ರಂಧ್ರಪತ್ರಗಳ ಯಂತ್ರವಾಗಿ ರೂಪಿಸಿದರು, 1890ರ ಜನಗಣತಿಯನ್ನು ಅದರಿಂದ ಎಣಿಸಲಾಯಿತು. ಅವರ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ವಿಲೀನವಾಗಿ, ಮುಂದೆ 1924ರಲ್ಲಿ ಐ.ಬಿ.ಎಂ. ಎಂಬ ಹೆಸರು ಪಡೆಯಿತು. ಜನರನ್ನು ಎಣಿಸುವ ಯಂತ್ರದ ಹಿಂದೆಯೂ ಜನರಿಗೆ ಪುಸ್ತಕ ಕೊಡುವ ಮನೆಯ ಹಿಂದೆಯೂ ಇದ್ದದ್ದು ಒಂದೇ ತಲೆ.

ಆ ಮನೆಯ ವಿನ್ಯಾಸವೂ ಮೂಲತಃ ಅವರದೇ. ಆಸ್ಟರ್ ಮತ್ತು ಲೆನಾಕ್ಸ್ ಗ್ರಂಥಾಲಯಗಳು ಟಿಲ್ಡನ್ ದತ್ತಿಯೊಡನೆ 1895ರಲ್ಲಿ ಒಂದುಗೂಡಿದ ಮೇಲೆ, ಮರುವರ್ಷ ನಿರ್ದೇಶಕರಾದ ಬಿಲ್ಲಿಂಗ್ಸ್ ಒಂದು ಸಣ್ಣ ಕಾಗದದ ಮೇಲೆ ನಕ್ಷೆ ಗೀಚಿದರು. ಕೆಳಗೆ ಏಳು ಅಂತಸ್ತು ಪುಸ್ತಕದ ಕಪಾಟುಗಳು, ಎಲ್ಲಕ್ಕೂ ಮೇಲೆ ವಿಶಾಲವಾದ ವಾಚನಮಂದಿರ. ಕಾರೇರ್ ಮತ್ತು ಹೇಸ್ಟಿಂಗ್ಸ್ ಎಂಬ ವಾಸ್ತುಶಿಲ್ಪಿಗಳು ಅದನ್ನು ಅಮೃತಶಿಲೆಯಲ್ಲಿ ಕಟ್ಟಿದರು. ಆ ಉಕ್ಕಿನ ಕಪಾಟುಗಳು ಬರೀ ಪುಸ್ತಕ ಇಡುವ ಜಾಗವಲ್ಲ, ಮೇಲಿನ ವಾಚನಮಂದಿರದ ನೆಲವನ್ನು ಹೊತ್ತಿರುವುದೂ ಅವೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1911ರ ಮೇ 23ರಂದು ಅಧ್ಯಕ್ಷ ಟಾಫ್ಟ್ ಅವರ ಸಮ್ಮುಖದಲ್ಲಿ ಉದ್ಘಾಟನೆ, ಮರುದಿನ ಬಾಗಿಲು ಜನರಿಗೆ ತೆರೆಯಿತು. ಆ ಬೆಳಿಗ್ಗೆ ಮೊದಮೊದಲು ಬಂದ ಬೇಡಿಕೆಗಳಲ್ಲಿ ಒಂದು, ನೀಚೆ ಮತ್ತು ಟಾಲ್‌ಸ್ಟಾಯ್ ಅವರ ನೈತಿಕ ವಿಚಾರಗಳನ್ನು ಕುರಿತು ಗ್ರೋಟ್ ಎಂಬವರು ರಷ್ಯನ್ ಭಾಷೆಯಲ್ಲಿ ಬರೆದ ಪುಸ್ತಕ. ಚೀಟಿ ಕೊಟ್ಟದ್ದು 9 ಗಂಟೆ 8 ನಿಮಿಷಕ್ಕೆ, ಪುಸ್ತಕ ಕೈಗೆ ಬಂದದ್ದು ಆರು ನಿಮಿಷಗಳ ನಂತರ. ಇಂಗ್ಲಿಷಲ್ಲದ ಭಾಷೆಯ ಪುಸ್ತಕವೊಂದು, ಕೇಳಿದ ಆರು ನಿಮಿಷಕ್ಕೆ, ಕಾಸಿಲ್ಲದೆ! ವಲಸೆ ಬಂದವರ ಭಾಷೆಗೂ ಸ್ಥಳವುಳ್ಳ ಮನೆ ಇದೆಂಬುದಕ್ಕೆ ಇದಕ್ಕಿಂತ ದೊಡ್ಡ ಭಾಷಣ ಬೇಕಿರಲಿಲ್ಲ. ಇದಕ್ಕೆ ಮೊದಲೇ, 1901ರಲ್ಲಿ, ಆಂಡ್ರೂ ಕಾರ್ನೆಗಿ 52 ಲಕ್ಷ ಡಾಲರು ಕೊಟ್ಟು ನಗರದ ಬಡಾವಣೆಗಳಲ್ಲಿ ಶಾಖಾ ಗ್ರಂಥಾಲಯಗಳನ್ನು ಕಟ್ಟಿಸಲು ಮುಂದಾಗಿದ್ದರು. ವಲಸೆಗಾರರು ಹೆಚ್ಚಾಗಿ ಮೆಟ್ಟಿಲು ಹತ್ತಿದ್ದು ಆ ಶಾಖೆಗಳದೇ.

ಜನ ಗ್ರಂಥಾಲಯದ ಬಗ್ಗೆ ಏನೆನ್ನುತ್ತಾರೆ ಎಂಬುದನ್ನು ಕ್ರಮಬದ್ಧವಾಗಿ ವಿಚಾರಿಸುವ ದೊಡ್ಡ ಪ್ರಯತ್ನ ಎರಡನೆಯ ಮಹಾಯುದ್ಧದ ನಂತರ ನಡೆಯಿತು. ಕಾರ್ನೆಗಿ ಕಾರ್ಪೊರೇಷನ್ನಿನ ಹಣದಿಂದ ನಡೆದ ಆ ವಿಚಾರಣೆಯ ಭಾಗವಾಗಿ ಬರ್ನಾರ್ಡ್ ಬೆರೆಲ್ಸನ್ 1949ರಲ್ಲಿ ಪ್ರಕಟಿಸಿದ ಅಧ್ಯಯನ ಗ್ರಂಥಪಾಲಕರಿಗೆ ಹಿತವಾಗಲಿಲ್ಲ. ಗ್ರಂಥಾಲಯವನ್ನು ನಿಯಮಿತವಾಗಿ ಬಳಸುವವರು ವಯಸ್ಕರಲ್ಲಿ ಸಣ್ಣ ಪಾಲು, ಅವರು ಹೆಚ್ಚು ಓದಿದವರು, ಎರವಲಿನ ಬಹುಭಾಗ ಅವರದೇ ಎಂದು ಅದು ಹೇಳಿತು. ಮಾತನಾಡುವವರು ಯಾರು ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಈಗ ಇನ್ನೊಂದು ಬಗೆಯ ಕಿವಿಯ ಕಥೆ. 1987ರ ಜೂನ್ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಮತ್ತು ವಿಜ್ಞಾನ ಗ್ರಂಥಾಲಯಕ್ಕೆ ಎಫ್.ಬಿ.ಐ.ನ ಇಬ್ಬರು ಅಧಿಕಾರಿಗಳು ಬಂದರು. ಅಲ್ಲಿದ್ದ ಗುಮಾಸ್ತೆಯನ್ನು, ವಿದೇಶೀಯರು ಯಾವ ಪುಸ್ತಕಗಳನ್ನು ಬಳಸುತ್ತಾರೆಂದು ವಿಚಾರಿಸತೊಡಗಿದರು. ಇದನ್ನು ಕೇಳಿಸಿಕೊಂಡ ಹಿರಿಯ ಗ್ರಂಥಪಾಲಕರು ತಡೆದರು. ಗ್ರಂಥಾಲಯದ ಆಡಳಿತದ ಹೊಣೆ ಹೊತ್ತಿದ್ದ ಪಾಲಾ ಕಾಫ್‌ಮನ್ ಅವರು ಸಹಕರಿಸಲಾಗದೆಂದು ಸ್ಪಷ್ಟವಾಗಿ ತಿಳಿಸಿದರು. ಸೆಪ್ಟೆಂಬರಿನಲ್ಲಿ ಈ ಸುದ್ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂದಾಗ, ಇದು ಒಂದು ದಿನದ ಆಕಸ್ಮಿಕವಲ್ಲ, 'ಲೈಬ್ರರಿ ಅವೇರ್‌ನೆಸ್ ಪ್ರೋಗ್ರಾಂ' ಎಂಬ ಹೆಸರಿನಲ್ಲಿ ವರ್ಷಗಳಿಂದ ನಡೆದಿದ್ದ ಕಾರ್ಯವೆಂದು ಬಯಲಾಯಿತು. ಸೋವಿಯತ್ ಗೂಢಚಾರರು ಗುಪ್ತವಲ್ಲದ ತಾಂತ್ರಿಕ ಪತ್ರಿಕೆಗಳಿಂದಲೂ ಮಾಹಿತಿ ಸಂಗ್ರಹಿಸುತ್ತಾರೆ, ಆದುದರಿಂದ ಗ್ರಂಥಪಾಲಕರು ಎಚ್ಚರವಾಗಿರಬೇಕು ಎಂಬುದು ಅವರ ವಾದ. ಓದುಗನ ವಿಷಯ ಗೋಪ್ಯವೆಂದು ಅಮೆರಿಕದ ಗ್ರಂಥಾಲಯ ಸಂಘವು 1939ರ ತನ್ನ ನೀತಿಸಂಹಿತೆಯಲ್ಲಿಯೇ ಹೇಳಿತ್ತು. ಉಚ್ಚಾರಣೆ ಬೇರೆಯಾಗಿದ್ದವರು, ಹೆಸರು ಬೇರೆಯಾಗಿದ್ದವರು, ರಾತ್ರಿಯವರೆಗೆ ಕುಳಿತು ಓದುತ್ತಿದ್ದ ವಿದೇಶೀ ವಿದ್ಯಾರ್ಥಿಗಳು ಎಂದರೆ ಯಾರು? ನಮ್ಮವರೂ ಅದರಲ್ಲಿ ಸೇರಿದ್ದರೆಂದು ಊಹಿಸಲು ಕಷ್ಟವಿಲ್ಲ.

ಇದಕ್ಕಿಂತ ಗಮನಾರ್ಹವಾದದ್ದು ಮುಂದಿನ ಘಟ್ಟ. ಗ್ರಂಥಪಾಲಕರು ಬಹಿರಂಗವಾಗಿ ಪ್ರತಿಭಟಿಸಿದರು, 1988ರಲ್ಲಿ ಕಾಂಗ್ರೆಸ್ಸಿನ ಉಪಸಮಿತಿ ವಿಚಾರಣೆ ನಡೆಸಿತು. 1989ರಲ್ಲಿ, ಮಾಹಿತಿ ಹಕ್ಕಿನ ಕಾನೂನಿನಂತೆ ಪಡೆದ ದಾಖಲೆಗಳಿಂದ ಹೊರಬಿದ್ದ ಸಂಗತಿ ಏನೆಂದರೆ, ಈ ಕಾರ್ಯಕ್ರಮಕ್ಕೆ ಸಂಬಂಧಪಟ್ಟ 266 ವ್ಯಕ್ತಿಗಳ ಹೆಸರುಗಳನ್ನು ಎಫ್.ಬಿ.ಐ. ತನ್ನ ಕಡತಗಳಲ್ಲಿ ಹುಡುಕಿ ನೋಡಿತ್ತು. ಅವರಲ್ಲಿ ಟೀಕಿಸಿದ ಗ್ರಂಥಪಾಲಕರೂ ಇದ್ದರು. ಈ ಟೀಕೆಯ ಹಿಂದೆ ಸೋವಿಯತ್ ಕೈವಾಡವಿರಬಹುದೇ ಎಂಬುದು ಅವರ ಅನುಮಾನ. ಗ್ರಂಥಾಲಯದ ಬಗ್ಗೆ ಜನ ಏನು ಮಾತನಾಡಿದರೆಂಬುದನ್ನು ಸರಕಾರ ಗಮನವಿಟ್ಟು ಆಲಿಸಿತ್ತು, ನಿಜ. ಆದರೆ ಆಡಿದ ಮಾತಿಗೆ ಉತ್ತರ ಹೇಳಲಿಕ್ಕಲ್ಲ, ಆಡಿದವರು ಯಾರೆಂದು ಗುರುತು ಹಾಕಿಕೊಳ್ಳಲಿಕ್ಕೆ. ಕೌಟಿಲ್ಯನಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

2001ರ ನಂತರದ ಪೇಟ್ರಿಯಟ್ ಕಾಯಿದೆಯ ಕಾಲದಲ್ಲಿ ಈ ಕಥೆ ಇನ್ನೊಂದು ತಿರುವು ಪಡೆಯಿತು. 2005ರಲ್ಲಿ ನೆರೆಯ ಕನೆಕ್ಟಿಕಟ್ ರಾಜ್ಯದ ನಾಲ್ವರು ಗ್ರಂಥಪಾಲಕರಿಗೆ, ಗ್ರಂಥಾಲಯದ ಗಣಕಯಂತ್ರಗಳ ಬಳಕೆಯ ವಿವರ ಕೇಳಿ ಎಫ್.ಬಿ.ಐ. ಪತ್ರ ಬಂತು. ಪತ್ರ ಬಂದಿದೆಯೆಂದು ಯಾರಿಗೂ ಹೇಳಬಾರದೆಂಬ ನಿರ್ಬಂಧವೂ ಅದರೊಡನಿತ್ತು. ಅವರು ನ್ಯಾಯಾಲಯಕ್ಕೆ ಹೋದರು. ಕಾಯಿದೆಯ ನವೀಕರಣದ ಚರ್ಚೆ ಕಾಂಗ್ರೆಸ್ಸಿನಲ್ಲಿ ನಡೆಯುತ್ತಿದ್ದಾಗ ಅದರ ಅನುಭವವಿದ್ದ ಈ ನಾಲ್ವರು ಬಾಯಿ ಬಿಡುವಂತಿರಲಿಲ್ಲ. 2006ರಲ್ಲಿ ನಿರ್ಬಂಧ ತೆರವಾಗುವ ವೇಳೆಗೆ ನವೀಕರಣದ ಕಾನೂನಿಗೆ ಸಹಿ ಬಿದ್ದಾಗಿತ್ತು.

ಇನ್ನು ಗ್ರಂಥಾಲಯವೇ ಕೇಳಬೇಕಾಗಿದ್ದ ಮಾತುಗಳಿಗೆ ಬರೋಣ. 1996ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಸ ಕೇಂದ್ರ ಗ್ರಂಥಾಲಯ ವೈಭವದಿಂದ ತೆರೆಯಿತು. ಗಣಕಯಂತ್ರಗಳಿದ್ದವು, ಭವ್ಯವಾದ ಒಳಾಂಗಣವಿತ್ತು, ಹಳೆಯ ಪುಸ್ತಕಗಳಿಗೆ ಮಾತ್ರ ಜಾಗ ಸಾಲಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಹೊರಹಾಕಿದ್ದಾರೆಂದು ಕಾದಂಬರಿಕಾರ ನಿಕೊಲ್ಸನ್ ಬೇಕರ್ ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬರೆದರು. ಸಿಬ್ಬಂದಿಯಲ್ಲಿಯೇ ಹಲವರು ಇದನ್ನು ಮೊದಲೇ ಹೇಳಿದ್ದರು. ಒಳಗಿನವರ ಪಿಸುಮಾತಿಗೆ ಕೇಳದ ಕಿವಿ ರಾಷ್ಟ್ರೀಯ ಪತ್ರಿಕೆಯ ಕೂಗಿಗೆ ಕೇಳಿತು. 1997ರ ಜನವರಿಯಲ್ಲಿ ನಿರ್ದೇಶಕರು ರಾಜೀನಾಮೆ ಕೊಟ್ಟರು.

ನ್ಯೂಯಾರ್ಕ್ ಇದರಿಂದ ಪಾಠ ಕಲಿಯಬಹುದಾಗಿತ್ತು. ಪಶ್ಚಿಮ 53ನೆಯ ಬೀದಿಯಲ್ಲಿ, ಆಧುನಿಕ ಕಲಾ ಸಂಗ್ರಹಾಲಯದ ಎದುರಿಗೆ, ಡಾನೆಲ್ ಎಂಬ ಶಾಖಾ ಗ್ರಂಥಾಲಯವಿತ್ತು. 1955ರಲ್ಲಿ ತೆರೆದದ್ದು. ಬೇರೆ ಬೇರೆ ಭಾಷೆಗಳ ಪುಸ್ತಕಗಳ ದೊಡ್ಡ ವಿಭಾಗ ಅಲ್ಲಿತ್ತು, ಚಲನಚಿತ್ರಗಳ ಸಂಗ್ರಹವಿತ್ತು, ಮಕ್ಕಳ ವಿಭಾಗದಲ್ಲಿ ವಿನ್ನಿ ದ ಪೂ ಕಥೆಗಳಿಗೆ ಸ್ಫೂರ್ತಿಯಾದ ಅಸಲಿ ಗೊಂಬೆಗಳಿದ್ದವು. (ಆ ಗೊಂಬೆಗಳನ್ನು ಇಂಗ್ಲೆಂಡಿಗೆ ಹಿಂದಿರುಗಿಸಬೇಕೆಂದು 1998ರಲ್ಲಿ ಬ್ರಿಟಿಷ್ ಸಂಸತ್ ಸದಸ್ಯೆಯೊಬ್ಬರು ಒತ್ತಾಯಿಸಿದ್ದರು. ಅವು ಇಲ್ಲಿಯೇ ಉಳಿದವು, ನಮ್ಮಲ್ಲನೇಕರಂತೆ.) 2007ರ ನವೆಂಬರಿನಲ್ಲಿ ಈ ಕಟ್ಟಡವನ್ನು 5 ಕೋಟಿ 90 ಲಕ್ಷ ಡಾಲರಿಗೆ ಹೋಟೆಲ್ ಕಂಪನಿಯೊಂದಕ್ಕೆ ಮಾರಲು ಒಪ್ಪಂದವಾದ ಸುದ್ದಿ ಬಂತು. ಸಾರ್ವಜನಿಕರಿಗೆ ತಿಳಿದದ್ದು ನಿರ್ಧಾರವಾದ ಮೇಲೆ. 2008ರಲ್ಲಿ ಬಾಗಿಲು ಮುಚ್ಚಿತು. ಆ ಒಪ್ಪಂದ ಮುರಿದು, ಬೇರೆಯವರ ಕೈಸೇರಿ, ಅಲ್ಲಿ ಹೋಟೆಲೂ ಐಷಾರಾಮಿ ವಸತಿಗಳೂ ಎದ್ದವು. ಅವುಗಳಲ್ಲಿ ತುತ್ತತುದಿಯ ಒಂದು ಮನೆಗೆ ಕೇಳಿದ ಬೆಲೆ ಮೊದಲು ಇಡೀ ಗ್ರಂಥಾಲಯಕ್ಕೆ ಕಟ್ಟಿದ್ದ ಬೆಲೆಗಿಂತ ಹೆಚ್ಚು. 2016ರ ಜೂನ್‌ನಲ್ಲಿ ಬದಲಿ ಗ್ರಂಥಾಲಯ ತೆರೆಯಿತು, ಹಳೆಯದರ ಮೂರನೆಯ ಒಂದರಷ್ಟು ಜಾಗದಲ್ಲಿ, ಬಹುಪಾಲು ನೆಲದ ಕೆಳಗೆ.

ಡಾನೆಲ್‌ನ ಓದುಗರು ಗೊಣಗಲಿಲ್ಲವೆಂದಲ್ಲ. ಅವರ ಗೊಣಗಾಟ ಎಲ್ಲಿಯೂ ದಾಖಲಾಗಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬರುತ್ತಿದ್ದ ಕಚೇರಿಯ ನೌಕರರು, ತಮ್ಮ ಭಾಷೆಯ ಪುಸ್ತಕ ಹುಡುಕಿ ಬರುತ್ತಿದ್ದ ವಲಸೆಗಾರರು, ಮಕ್ಕಳ ಕೈಹಿಡಿದು ಬರುತ್ತಿದ್ದ ತಾಯಂದಿರು ಸಂಪಾದಕರಿಗೆ ಪತ್ರ ಬರೆಯುವ ಜನರಲ್ಲ.

ಇದರ ಬೆನ್ನಿಗೇ, 2008ರಲ್ಲಿ, ಮುಖ್ಯ ಕಟ್ಟಡದ ಯೋಜನೆ ಪ್ರಕಟವಾಯಿತು. ನಲವತ್ತೆರಡನೆಯ ಬೀದಿಯ ಆ ಅಮೃತಶಿಲೆಯ ಮನೆಯೊಳಗಿನ ಏಳು ಅಂತಸ್ತಿನ ಕಪಾಟುಗಳನ್ನು ಕಿತ್ತು, ಆ ಸ್ಥಳದಲ್ಲಿ ಎಲ್ಲರಿಗೂ ಪುಸ್ತಕ ಎರವಲು ಕೊಡುವ ಆಧುನಿಕ ಗ್ರಂಥಾಲಯ ಕಟ್ಟುವುದು. ಎದುರಿನ ಮಿಡ್ ಮ್ಯಾನ್‌ಹಟನ್ ಶಾಖೆಯನ್ನೂ 34ನೆಯ ಬೀದಿಯ ವಿಜ್ಞಾನ, ಉದ್ಯಮ ಗ್ರಂಥಾಲಯವನ್ನೂ ಮಾರುವುದು. ಕಪಾಟಿನ ಸುಮಾರು 30 ಲಕ್ಷ ಪುಸ್ತಕಗಳಲ್ಲಿ ಬಹುಪಾಲನ್ನು ನ್ಯೂಜೆರ್ಸಿಯ ಉಗ್ರಾಣಕ್ಕೆ ಸಾಗಿಸುವುದು. ಅಂದಾಜು ವೆಚ್ಚ 30 ಕೋಟಿ ಡಾಲರು, ಅದರಲ್ಲಿ ಅರ್ಧ ನಗರಪಾಲಿಕೆಯದು. ವಾಸ್ತುಶಿಲ್ಪಿ ಪ್ರಖ್ಯಾತ ನಾರ್ಮನ್ ಫಾಸ್ಟರ್. ಗ್ರಂಥಾಲಯದ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಮಿಡ್ ಮ್ಯಾನ್‌ಹಟನ್ ಕಟ್ಟಡ ಶೋಚನೀಯ ಸ್ಥಿತಿಯಲ್ಲಿತ್ತು. ಹಳೆಯ ಕಪಾಟುಗಳಲ್ಲಿ ಉಷ್ಣತೆ, ತೇವಾಂಶಗಳ ನಿಯಂತ್ರಣ ಇಂದಿನ ಮಟ್ಟದ್ದಾಗಿರಲಿಲ್ಲ. ಮೂರು ಕಟ್ಟಡಗಳ ಬದಲು ಒಂದನ್ನು ನಡೆಸಿದರೆ ವರ್ಷವರ್ಷವೂ ಹಣ ಉಳಿಯುತ್ತಿತ್ತು. ಸಾಮಾನ್ಯ ಓದುಗನಿಗೆ ಅರಮನೆಯ ಬಾಗಿಲು ತೆರೆಯುತ್ತೇವೆ ಎಂಬ ಅವರ ಮಾತು ಪೂರ್ತಿ ಬೂಟಾಟಿಕೆಯೆಂದು ನಾನು ಭಾವಿಸುವುದಿಲ್ಲ.

ಮೂರು ವರ್ಷ ಹೆಚ್ಚು ಸದ್ದಿರಲಿಲ್ಲ. 2011ರ ಕೊನೆಯಲ್ಲಿ ಸ್ಕಾಟ್ ಷರ್ಮನ್ ಎಂಬ ಪತ್ರಕರ್ತರು ದ ನೇಷನ್ ಪತ್ರಿಕೆಯಲ್ಲಿ ವಿವರವಾಗಿ ಬರೆದ ಮೇಲೆ ಮಾತು ಹಬ್ಬತೊಡಗಿತು. 2012ರ ವಸಂತದಲ್ಲಿ ಇತಿಹಾಸಕಾರ್ತಿ ಜೋನ್ ಸ್ಕಾಟ್ ಮುಂದಾಗಿ ಸಿದ್ಧಪಡಿಸಿದ ಪ್ರತಿಭಟನಾ ಪತ್ರಕ್ಕೆ ಅಂತರಜಾಲದ ಮೂಲಕ ನೂರಾರು ವಿದ್ವಾಂಸರೂ ಲೇಖಕರೂ ಸಹಿ ಹಾಕಿದರು. ನೊಬೆಲ್ ಪುರಸ್ಕೃತ ಮಾರಿಯೋ ವರ್ಗಾಸ್ ಯೋಸಾ ಅವರಲ್ಲೊಬ್ಬರು. ಉಗ್ರಾಣದಿಂದ ಪುಸ್ತಕ ತರಿಸಲು ದಿನವಾದೀತು, ಎರಡು ದಿನವಾದೀತು, ದೂರದಿಂದ ವಾರದ ಮಟ್ಟಿಗೆ ಬಂದ ಸಂಶೋಧಕನ ಗತಿಯೇನು ಎಂಬುದು ಅವರ ಪ್ರಶ್ನೆ. ಇದು ಕೇಳಿಬಂದದ್ದು ಆರು ನಿಮಿಷದಲ್ಲಿ ರಷ್ಯನ್ ಪುಸ್ತಕ ತಂದುಕೊಟ್ಟ ಮನೆಯಲ್ಲಿ!

ಇಲ್ಲಿ ಕನ್ನಡದ ಮಾತೊಂದನ್ನು ಸೇರಿಸಬೇಕು. ಅಮೆರಿಕದಿಂದ ಭಾರತಕ್ಕೆ ಹೋದ ಗೋಧಿಯ ಹಣ ರೂಪಾಯಿಯಲ್ಲಿ ಸಂದಾಯವಾಗುತ್ತಿದ್ದ ಪಿ.ಎಲ್. 480 ಯೋಜನೆಯನ್ನು ಹಿರಿಯರು ಬಲ್ಲಿರಿ. ಆ ರೂಪಾಯಿಗಳ ಒಂದು ಪಾಲಿನಿಂದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಹಂಚಿತು. ಕನ್ನಡದ ಕಾದಂಬರಿ, ವಿಮರ್ಶೆ, ಜಾನಪದಗಳು ಈ ದೇಶದ ಕಪಾಟು ಸೇರಿದ್ದರಲ್ಲಿ ಇದರ ಪಾಲು ದೊಡ್ಡದು. ಯಾವ ಗ್ರಂಥಾಲಯದಲ್ಲಾದರೂ ಜಾಗ ಸಾಲದಾದಾಗ ಮೊದಲು ಉಗ್ರಾಣದ ದಾರಿ ಹಿಡಿಯುವುದು ಹೆಚ್ಚು ಜನ ಕೇಳದ ಪುಸ್ತಕ. ಕೇಳುವವರು ಕಡಮೆಯಾದದ್ದರಿಂದ ಅದು ದೂರ ಹೋಗುತ್ತದೆ, ದೂರ ಹೋದದ್ದರಿಂದ ಕೇಳುವವರು ಇನ್ನೂ ಕಡಮೆಯಾಗುತ್ತಾರೆ.

ಗ್ರಂಥಾಲಯ ಈ ಬಾರಿ ಕೇಳಿಸಿಕೊಂಡಿತು, ಅಷ್ಟಿಷ್ಟು. 2012ರ ಸೆಪ್ಟೆಂಬರಿನಲ್ಲಿ ದಾನಿಗಳಿಬ್ಬರು ಕೊಟ್ಟ 80 ಲಕ್ಷ ಡಾಲರಿನಿಂದ, ಕಟ್ಟಡದ ಹಿಂಬದಿಯ ಬ್ರಯಂಟ್ ಉದ್ಯಾನದ ನೆಲದಡಿಯಲ್ಲಿ ಹೆಚ್ಚು ಪುಸ್ತಕಗಳನ್ನು ಇಡುವ ವ್ಯವಸ್ಥೆ ಮಾಡುತ್ತೇವೆಂದು ಸಾರಿತು. ಟೀಕೆ ನಿಲ್ಲಲಿಲ್ಲ. ಡಿಸೆಂಬರ್ 3ರಂದು ವಾಸ್ತುವಿಮರ್ಶಕಿ ಏಡಾ ಲೂಯಿಸ್ ಹಕ್ಸ್‌ಟಬಲ್ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಈ ಯೋಜನೆಯನ್ನು ಕಟುವಾಗಿ ಖಂಡಿಸಿದರು. ಮೇಲಿನ ವಾಚನಮಂದಿರವನ್ನು ಹೊತ್ತು ನಿಂತ ಕಪಾಟುಗಳನ್ನೇ ಕೀಳುವ ಯೋಜನೆಯ ಕುರಿತು ಬರೆದಾಗ ಅವರಿಗೆ 91 ವರ್ಷ. ಐದು ವಾರಗಳಲ್ಲಿ, 2013ರ ಜನವರಿ 7ರಂದು, ತೀರಿಕೊಂಡರು. ಆ ವರ್ಷ ನಾಗರಿಕ ಸಂಘಟನೆಗಳು ಬೀದಿಗಿಳಿದವು, ರಾಜ್ಯ ವಿಧಾನಸಭೆಯ ಸಮಿತಿಯೊಂದು ವಿಚಾರಣೆ ನಡೆಸಿತು, ಜುಲೈಯಲ್ಲಿ ಎರಡು ಮೊಕದ್ದಮೆಗಳು ದಾಖಲಾದವು. ಯೋಜನೆಯನ್ನು ಟೀಕಿಸಿದ್ದ ಬಿಲ್ ಡಿ ಬ್ಲಾಸಿಯೋ ನವೆಂಬರಿನಲ್ಲಿ ಮೇಯರ್ ಆಗಿ ಆಯ್ಕೆಯಾದರು. 2014ರ ಮೇ 7ರಂದು ಗ್ರಂಥಾಲಯವು ಯೋಜನೆಯನ್ನು ಕೈಬಿಟ್ಟಿತು. ವೆಚ್ಚ 50 ಕೋಟಿ ಡಾಲರನ್ನು ಮೀರುತ್ತಿತ್ತೆಂದು ಆಮೇಲೆ ವರದಿಯಾಯಿತು.

ಗೆದ್ದವರು ಸಂಭ್ರಮಿಸಿದರು. ಸಂಭ್ರಮಕ್ಕೆ ಕಾರಣವೂ ಇತ್ತು. ಮಿಡ್ ಮ್ಯಾನ್‌ಹಟನ್ ಶಾಖೆ ಮಾರಾಟವಾಗದೆ ಉಳಿದು, ನವೀಕರಣಗೊಂಡು, ಹೊಸ ಹೆಸರಿನಲ್ಲಿ 2021ರಿಂದ ಪೂರ್ಣವಾಗಿ ತೆರೆದಿದೆ. ಆದರೆ ಯೋಜನೆ ನಿಲ್ಲುವ ಮೊದಲೇ ಏಳು ಅಂತಸ್ತಿನ ಕಪಾಟುಗಳಿಂದ ಪುಸ್ತಕಗಳನ್ನು ಸಾಗಿಸಿಯಾಗಿತ್ತು, ಅವು ಆ ಕಪಾಟುಗಳಿಗೆ ಹಿಂದಿರುಗಲಿಲ್ಲ. ಡಾನೆಲ್ ಕೂಡ ಹಿಂದಿರುಗಲಿಲ್ಲ. ಒಂದೇ ಸಂಸ್ಥೆ, ಏಳು ವರ್ಷಗಳ ಒಳಗಿನ ಎರಡು ಪ್ರಸಂಗಗಳು. ಒಂದರಲ್ಲಿ ನೊಬೆಲ್ ಪುರಸ್ಕೃತರು ಮಾತನಾಡಿದರು, ಇನ್ನೊಂದರಲ್ಲಿ ನಮ್ಮಂಥವರು ಗೊಣಗಿದರು. ನನ್ನ ಅಭಿಪ್ರಾಯದಲ್ಲಿ ಇಂದು ಅಂತರಜಾಲದ ಮಾತುಗಳನ್ನು ಎಣಿಸುವ ಕ್ರಮಗಳಿಗೂ ಇದೇ ರೋಗವಿದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವನಿಗೆ ಇದು ನಿತ್ಯದ ಅನುಭವ. ಈ ದೇಶದಲ್ಲಿ ರೋಗಿಗಳ ಅಭಿಪ್ರಾಯ ಸಮೀಕ್ಷೆಯ ಫಲಿತಾಂಶಗಳು 2008ರಿಂದ ಬಹಿರಂಗವಾಗಿ ಪ್ರಕಟವಾಗುತ್ತಿವೆ, 2012ರಿಂದ ಮೆಡಿಕೇರ್ ಹಣಕ್ಕೂ ಅವುಗಳಿಗೂ ಗಂಟು ಬಿದ್ದಿದೆ. ಅದರಿಂದ ಒಳ್ಳೆಯದೂ ಆಗಿದೆ, ರಾತ್ರಿ ವಾರ್ಡುಗಳ ಗದ್ದಲದ ಬಗ್ಗೆ ನಾವು ಯೋಚಿಸತೊಡಗಿದ್ದು ಆಮೇಲೆಯೇ. ಆದರೆ ಬೆಚ್ಚಗಿನ ಕಾಫಿ ಸಿಗಲಿಲ್ಲವೆಂದು ಎರಡು ಪುಟ ಬರೆದವರ ದನಿ, ಇಂಗ್ಲಿಷ್ ಬಾರದೆ ಕಾಗದವನ್ನು ಮಡಿಸಿ ಬದಿಗಿಟ್ಟ ಮುದುಕಿಯ ಮೌನಕ್ಕಿಂತ ದೊಡ್ಡದಾಗಿ ಕೇಳಿಸುತ್ತದೆ.

ನಮ್ಮ ಮನೆಗಳನ್ನೇ ನೋಡಿ. ಊರಿನಿಂದ ಆರು ತಿಂಗಳ ಮಟ್ಟಿಗೆ ಬರುವ ನಮ್ಮ ತಂದೆತಾಯಿಯರು, ಮಕ್ಕಳು ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೋದ ಮೇಲೆ, ನಡೆದು ತಲುಪಬಹುದಾದ ಒಂದೇ ಸ್ಥಳ ಹಲವು ಬಡಾವಣೆಗಳಲ್ಲಿ ಶಾಖಾ ಗ್ರಂಥಾಲಯ. ಅಲ್ಲಿ ಬಿಸಿಲಿನ ಕುರ್ಚಿಯಿದೆ, ಕುಡಿಯುವ ನೀರಿದೆ, ಯಾಕೆ ಬಂದಿರಿ ಎಂದು ಕೇಳುವವರಿಲ್ಲ. ಕ್ವೀನ್ಸ್ ಗ್ರಂಥಾಲಯವು 1977ರಲ್ಲಿಯೇ ಹೊಸ ವಲಸೆಗಾರರಿಗಾಗಿ ಪ್ರತ್ಯೇಕ ಕಾರ್ಯಕ್ರಮ ಆರಂಭಿಸಿದ್ದು ಇಂಥವರನ್ನು ನೋಡಿಯೇ. ಈ ಹಿರಿಯರು ಅಂತರಜಾಲದಲ್ಲಿ ಐದು ನಕ್ಷತ್ರ ಕೊಟ್ಟು ಹೊಗಳುವುದಿಲ್ಲ, ಒಂದು ನಕ್ಷತ್ರ ಕೊಟ್ಟು ಬೈಯುವುದೂ ಇಲ್ಲ. ಅವರ ಅಭಿಪ್ರಾಯ ತಿಳಿಯಬೇಕಾದರೆ ಮೇಜಿನ ಹಿಂದಿರುವವರು ಎದ್ದು ಹೋಗಿ ಕೇಳಬೇಕು, ಅಥವಾ ಅವರ ಪರವಾಗಿ ನಾವು ಹೋಗಿ ಹೇಳಬೇಕು.

ಜನರ ಮಾತೆಲ್ಲವನ್ನೂ ಕೂಡಿಡುವ ಆಸೆ ಕೂಡ ಕೈಗೂಡುವಂಥದಲ್ಲ. ಟ್ವಿಟರ್‌ನಲ್ಲಿ ಬಹಿರಂಗವಾಗಿ ಬರೆದದ್ದನ್ನೆಲ್ಲ ಸಂಗ್ರಹಿಸುವುದಾಗಿ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಘೋಷಿಸಿತು. 2017ರ ಡಿಸೆಂಬರಿನಲ್ಲಿ, ಇನ್ನು ಮುಂದೆ ಆಯ್ದದ್ದನ್ನು ಮಾತ್ರ ಇಡುತ್ತೇವೆ ಎಂದಿತು. ಅಷ್ಟು ವರ್ಷ ಕೂಡಿಟ್ಟದ್ದನ್ನು ಆ ವೇಳೆಗೂ ಸಂಶೋಧಕರಿಗೆ ತೆರೆದಿರಲಿಲ್ಲ.

ಇತ್ತೀಚಿನ ಒಂದು ಪ್ರಸಂಗ ಹೇಳಿ ಮುಗಿಸುತ್ತೇನೆ. 2023ರ ನವೆಂಬರಿನಲ್ಲಿ ಮೇಯರ್ ಆಡಮ್ಸ್ ಅವರ ಆಯವ್ಯಯದ ಕಡಿತದಿಂದಾಗಿ ನ್ಯೂಯಾರ್ಕಿನ ಗ್ರಂಥಾಲಯಗಳು ಭಾನುವಾರದ ಸೇವೆಯನ್ನು ನಿಲ್ಲಿಸಿದವು. ವಾರವೆಲ್ಲ ದುಡಿಯುವವರಿಗೆ, ಮಕ್ಕಳನ್ನು ಕರೆತರಲು ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲದವರಿಗೆ ಇದು ನೇರವಾಗಿ ತಟ್ಟಿತು. ಈ ಸಲ ಗ್ರಂಥಾಲಯಗಳು ಜನರ ಮಾತನ್ನು ತಾವು ಕೇಳಿಸಿಕೊಂಡದ್ದಷ್ಟೇ ಅಲ್ಲ, ಅದನ್ನು ಪತ್ರಗಳಾಗಿ ಬರೆಯಿಸಿ ನಗರಸಭೆಗೂ ಮುಟ್ಟಿಸಿದವು. 2024ರ ಜೂನ್ ಕೊನೆಯಲ್ಲಿ 5 ಕೋಟಿ 83 ಲಕ್ಷ ಡಾಲರು ಮರಳಿ ಬಂತು, ಜುಲೈಯಿಂದ ಭಾನುವಾರದ ಬಾಗಿಲುಗಳು ತೆರೆದವು. ಹಾಗೆ ತೆರೆಯುವ ಶಾಖೆಗಳು ಮೊದಲಿನಿಂದಲೂ ಕೆಲವೇ.

ನ್ಯೂಯಾರ್ಕ್ ರಾಜ್ಯದ ಕಾನೂನಿನಂತೆ ಸಾರ್ವಜನಿಕ ಗ್ರಂಥಾಲಯದ ಆಡಳಿತ ಮಂಡಳಿಯ ಸಭೆಗಳು ಜನರಿಗೆ ತೆರೆದಿರಬೇಕು. ಉಪನಗರಗಳಲ್ಲಿ ಅವು ಸಾಮಾನ್ಯವಾಗಿ ವಾರದ ನಡುವೆ ಸಂಜೆಯ ಹೊತ್ತು ನಡೆಯುತ್ತವೆ. ಸಭೆಯ ದಿನಾಂಕವನ್ನು ಗ್ರಂಥಾಲಯದ ಮೇಜಿನಲ್ಲಿ ಕೇಳಿದರೆ ತಿಳಿಸುತ್ತಾರೆ. ಕೂಟದಿಂದ ಇಬ್ಬರು ಮೂವರು ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಾದರೂ ಕುಳಿತು ಬರೋಣವೆಂದು ಕಾರ್ಯದರ್ಶಿಗಳೊಡನೆ ಆಗಲೇ ಪ್ರಸ್ತಾಪಿಸಿದ್ದೇನೆ. ಬರುವ ಇಚ್ಛೆಯುಳ್ಳವರು ಅವರಿಗೆ ಹೆಸರು ಕೊಡಬಹುದು.